ಬೈಗುಳ ಯಾರ ಮೇಲೆ ಬೀಳುತ್ತದೆ? ಮಕ್ಕಳ ಪುಸ್ತಕ ಮತ್ತು ಕೆಟ್ಟ ಮಾತು

ಎಲ್ಲರಿಗೂ ನಮಸ್ಕಾರ.

ಮಕ್ಕಳ ಪುಸ್ತಕದಲ್ಲಿ ಬೈಗುಳ ಇರಬಹುದಾ ಅಂತ ಯಾರನ್ನಾದರೂ ಕೇಳಿ ನೋಡಿ. ಹೆಚ್ಚಿನವರು ಪ್ರಶ್ನೆ ಮುಗಿಯುವ ಮೊದಲೇ 'ಅಯ್ಯೋ ಬೇಡಪ್ಪಾ' ಅಂದುಬಿಡುತ್ತಾರೆ. ಇನ್ನು ಕೆಲವರು, ಅದರಲ್ಲೂ ಬರೆಯುವವರು, ಅಷ್ಟೇ ಬೇಗ 'ಯಾಕಿರಬಾರದು, ಬದುಕು ಹಾಗೇ ಇದೆ ಅಲ್ವಾ' ಅನ್ನುತ್ತಾರೆ. ನನಗೆ ಎರಡೂ ಉತ್ತರ ಸಾಲದು. ಇಬ್ಬರೂ ಪದವನ್ನಷ್ಟೇ ನೋಡುತ್ತಿದ್ದಾರೆ. ಆ ಪದ ಯಾರ ಬಾಯಿಂದ ಬಂತು, ಯಾರ ಮೇಲೆ ಬಿತ್ತು, ಬಿದ್ದ ಮೇಲೆ ಕಥೆ ಅದನ್ನು ಎಲ್ಲಿಗೆ ಒಯ್ದಿತು ಅನ್ನೋದನ್ನು ಯಾರೂ ಕೇಳುತ್ತಿಲ್ಲ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಮಕ್ಕಳ ಪುಸ್ತಕದಲ್ಲಿ ಒರಟು ಮಾತು ಇರಬಹುದು. ಕೆಲವು ಪುಸ್ತಕಗಳಲ್ಲಿ ಇರಲೇಬೇಕು. ಆದರೆ ಬೈಗುಳದಲ್ಲಿ ಎರಡು ಜಾತಿ ಇದೆ. ನೋವಿನಿಂದ, ಸಿಟ್ಟಿನಿಂದ, ಭಯದಿಂದ ಬಾಯಿಂದ ಸಿಡಿಯುವ ಮಾತು ಒಂದು. ನಮಗಿಂತ ಕೆಳಗಿದ್ದಾರೆ ಅಂತ ನಾವು ಅಂದುಕೊಂಡವರ ಮೇಲೆ ಎಸೆಯುವ ಮಾತು ಇನ್ನೊಂದು. ಮೊದಲನೆಯದಕ್ಕೆ ದೊಡ್ಡವರು ಕೆಂಡ ಕಾರುತ್ತಾರೆ. ಎರಡನೆಯದರಲ್ಲಿ 'ಕೆಟ್ಟ ಪದ' ಇಲ್ಲದಿದ್ದರೆ ಅದು ಅವರ ಕಣ್ಣಿಗೇ ಬೀಳುವುದಿಲ್ಲ. ಈ ಲೆಕ್ಕ ತಲೆಕೆಳಗಾಗಿದೆ ಅನ್ನೋದು ನನ್ನ ವಾದ.

ಮೊದಲು ಎಲ್ಲರಿಗೂ ಇರುವ ಭಯದಿಂದ ಶುರು ಮಾಡೋಣ. ಪುಸ್ತಕದಲ್ಲಿ ಓದಿದರೆ ಮಗು ಕಲಿತುಬಿಡುತ್ತದೆ ಅನ್ನುವ ಭಯ. ಟಿಮೊತಿ ಜೇ ಅಂತ ಒಬ್ಬ ಅಮೆರಿಕದ ಮನಃಶಾಸ್ತ್ರಜ್ಞರು ದಶಕಗಳ ಕಾಲ ಬೈಗುಳವನ್ನೇ ಅಧ್ಯಯನ ಮಾಡಿದವರು. ಆಟದ ಬಯಲಿನಲ್ಲಿ, ಮನೆಯಲ್ಲಿ ಮಕ್ಕಳು ಏನು ಮಾತಾಡುತ್ತಾರೆ ಅಂತ ಅವರ ತಂಡ ಕಿವಿಗೊಟ್ಟು ಬರೆದುಕೊಂಡಿತು. ಅವರು ಕಂಡುಕೊಂಡದ್ದು ಇಷ್ಟು. ಎರಡನೇ ವಯಸ್ಸಿನ ಹೊತ್ತಿಗೇ ಮಕ್ಕಳ ಬಾಯಲ್ಲಿ ಬೈಗುಳ ಕಾಣಿಸಿಕೊಳ್ಳುತ್ತದೆ. ಶಾಲೆಗೆ ಸೇರುವಷ್ಟರಲ್ಲಿ 30 ರಿಂದ 40 ಕೆಟ್ಟ ಪದಗಳು ಅವರ ಬಳಕೆಯಲ್ಲಿರುತ್ತವೆ. 11-12 ವರ್ಷಕ್ಕೆ ಅವರ ಬೈಗುಳ ಹೆಚ್ಚುಕಡಿಮೆ ದೊಡ್ಡವರ ಹಾಗೇ ಆಗಿರುತ್ತದೆ.

ಎರಡು ವರ್ಷದ ಮಗು ಕಾದಂಬರಿ ಓದುವುದಿಲ್ಲ. ಅದು ಕಲಿತದ್ದು ನಮ್ಮಿಂದ. ಗಾಡಿ ಓಡಿಸುವಾಗ ಅಡ್ಡ ಬಂದವನಿಗೆ ನಾವು ಬೈದದ್ದು, ಫೋನಿನಲ್ಲಿ ಜಗಳ ಆಡಿದ್ದು, ಕಾಲಿಗೆ ಏನೋ ತಗುಲಿದಾಗ ಕೂಗಿದ್ದು, ಎಲ್ಲವನ್ನೂ ಅದು ಕೇಳಿಸಿಕೊಂಡಿದೆ. ಮಗುವಿಗೆ ಬೈಗುಳ ಕಲಿಸುವವರ ಸಾಲಿನಲ್ಲಿ ಪುಸ್ತಕಕ್ಕೆ ಸಿಗುವುದು ಕಟ್ಟಕಡೆಯ ಜಾಗ.

ಇನ್ನೂ ಒಂದು ಮಾತಿದೆ. ಬೀದಿಯಲ್ಲಿ ಕೇಳಿದ ಬೈಗುಳ ಬೆತ್ತಲೆಯಾಗಿ ಬರುತ್ತದೆ. ಯಾರೋ ಕೂಗಿದರು, ಹೋದರು, ಅಷ್ಟೇ. ಬೈಸಿಕೊಂಡವನಿಗೆ ಹೇಗಾಯಿತು, ಬೈದವನು ಆ ರಾತ್ರಿ ಏನು ಯೋಚಿಸಿದ, ಇದೊಂದೂ ಮಗುವಿಗೆ ಗೊತ್ತಾಗುವುದಿಲ್ಲ. ಕಥೆಯಲ್ಲಿ ಗೊತ್ತಾಗುತ್ತದೆ. ಒಂದು ಮಾತು ಹುಟ್ಟಿದ್ದು ಎಲ್ಲಿ, ಅದು ಏನು ಮಾಡಿತು ಅಂತ ಮೊದಲಿನಿಂದ ಕೊನೆಯವರೆಗೆ ಮಗು ನೋಡಬಹುದಾದ ಜಾಗ ಬಹುಶಃ ಕಥೆ ಒಂದೇ.

ಇದನ್ನು ಸುಮ್ನೆ ಹೇಳಿದರೆ ಸಾಲದು, ಪುಸ್ತಕಗಳನ್ನೇ ತೆಗೆದು ನೋಡಬೇಕು. ಅಮೆರಿಕದ ಮಕ್ಕಳ ಲೇಖಕಿ ಕ್ಯಾಥರೀನ್ ಪ್ಯಾಟರ್ಸನ್ ಅವರ ಎರಡು ಪುಸ್ತಕಗಳ ಹತ್ತಿರ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕಂದರೆ ಈ ವಿಷಯದಲ್ಲಿ ಅವರಷ್ಟು ಪೆಟ್ಟು ತಿಂದವರು ಕಡಿಮೆ, ಮತ್ತು ಅವರಷ್ಟು ಯೋಚಿಸಿ ಬರೆದವರೂ ಕಡಿಮೆ. ಅವರು ಕ್ರೈಸ್ತ ಮಿಷನರಿ ದಂಪತಿಯ ಮಗಳು, ಪಾದ್ರಿಯೊಬ್ಬರ ಹೆಂಡತಿ. ಬಾಯಿಬಡುಕಿ ಅಲ್ಲ, ಗುಲ್ಲೆಬ್ಬಿಸಲು ಬರೆದವರೂ ಅಲ್ಲ. ಅವರ ಮಗನ ಪ್ರಾಣ ಸ್ನೇಹಿತೆ, ಪುಟ್ಟ ಹುಡುಗಿ, ಸಿಡಿಲು ಬಡಿದು ತೀರಿಕೊಂಡಳು. ಆ ದುಃಖದಿಂದ ಹುಟ್ಟಿದ್ದು 1977ರ 'ಬ್ರಿಜ್ ಟು ಟೆರಬಿಥಿಯಾ'. ಮರುವರ್ಷ ಅದಕ್ಕೆ ಅಮೆರಿಕದ ಮಕ್ಕಳ ಸಾಹಿತ್ಯದ ದೊಡ್ಡ ಗೌರವವಾದ ನ್ಯೂಬೆರಿ ಪದಕ ಬಂತು. ಜೊತೆಗೇ ದೂರುಗಳೂ ಬಂದವು, ವರ್ಷಗಟ್ಟಲೆ ಬಂದವು. ದೇವರ ಹೆಸರನ್ನು ಉದ್ಗಾರದ ಹಾಗೆ ಬಳಸಿದ್ದಾರೆ, ನರಕ ಅನ್ನುವ ಪದವಿದೆ, ಹಾಳಾಗಿ ಹೋಗು ಅನ್ನುವಂಥ ಪದವಿದೆ, ಶಾಲೆಯಿಂದ ತೆಗೆಯಿರಿ ಅಂತ.

ಆ ನರಕ ಅನ್ನುವ ಪದ ಎಲ್ಲಿ ಬರುತ್ತದೆ ನೋಡಿ. ಜೆಸ್ ಅನ್ನುವ ಹತ್ತು ವರ್ಷದ ಹುಡುಗ. ಅವನ ಅಪ್ಪ ದುಡಿದು ಸುಸ್ತಾದ ಮನುಷ್ಯ, ಮಗನ ಜೊತೆ ಮುದ್ದಿನಿಂದ ಮಾತಾಡಿ ಗೊತ್ತಿಲ್ಲ. ಹುಡುಗನ ಗೆಳತಿ ಸತ್ತಿದ್ದಾಳೆ. ಅಪ್ಪ ಬಂದು ಅವನ ಹತ್ತಿರ ಕೂರುತ್ತಾನೆ. ಏನು ಹೇಳಬೇಕೋ ತೋಚುವುದಿಲ್ಲ. ಕೊನೆಗೆ 'ನರಕ, ಅಲ್ವಾ?' ಅನ್ನುವ ಧಾಟಿಯಲ್ಲಿ ಒಂದೇ ಮಾತು ಆಡುತ್ತಾನೆ. ಒಬ್ಬ ಗಂಡಸು ಇನ್ನೊಬ್ಬ ಗಂಡಸಿಗೆ ಹೇಳುವ ಮಾತು ಅದು, ಹಾಗಂತ ಜೆಸ್‌ಗೆ ಅನಿಸುತ್ತದೆ, ಮತ್ತು ಹೇಗೋ ಅದರಿಂದ ಅವನಿಗೆ ಸಮಾಧಾನ ಆಗುತ್ತದೆ.

ಈಗ ಆ ಪದವನ್ನು ತೆಗೆದು ನೋಡಿ. 'ತುಂಬಾ ಕಷ್ಟ ಅಲ್ವಾ ಮಗನೇ' ಅಂತ ಹಾಕಿ. ಅಪ್ಪ ಬೇರೆ ಯಾರೋ ಆಗಿಬಿಡುತ್ತಾನೆ. ಹುಡುಗನಿಗೆ ಸಿಕ್ಕಿದ್ದು ಆ ಒರಟು ಮಾತಿನಲ್ಲಿದ್ದ ಸಮಾನತೆ. ನಿನ್ನ ದುಃಖ ಮಕ್ಕಳ ದುಃಖ ಅಲ್ಲ, ಅದು ದೊಡ್ಡದು, ನನಗೆ ಕಾಣಿಸುತ್ತಿದೆ ಅಂತ ಅಪ್ಪ ತನಗೆ ಗೊತ್ತಿರುವ ಒಂದೇ ಭಾಷೆಯಲ್ಲಿ ಹೇಳಿದ. ಪೆನ್ನು ಹಿಡಿದು ಪುಟಪುಟದಲ್ಲಿ ಕೆಟ್ಟ ಪದ ಎಣಿಸುವವರಿಗೆ ಇಲ್ಲಿ ಕಾಣುವುದು 'ನರಕ: ಒಂದು ಸಲ' ಅಂತ ಮಾತ್ರ. ನನಗೆ ಇದನ್ನು ನೆನೆದಾಗೆಲ್ಲ ಬೇಸರ ಆಗುತ್ತದೆ, ಸಿಟ್ಟೂ ಬರುತ್ತದೆ.

ಇನ್ನೊಂದು ಪುಸ್ತಕ ಮರುವರ್ಷದ್ದು, 1978ರ 'ದಿ ಗ್ರೇಟ್ ಗಿಲ್ಲಿ ಹಾಪ್ಕಿನ್ಸ್'. ಗಿಲ್ಲಿಗೆ 11 ವರ್ಷ. ಹೆತ್ತ ತಾಯಿ ಬಿಟ್ಟು ಹೋಗಿದ್ದಾಳೆ. ಒಂದು ಸಾಕುಮನೆಯಿಂದ ಇನ್ನೊಂದಕ್ಕೆ ಅವಳನ್ನು ಸಾಗಿಸುತ್ತಲೇ ಇದ್ದಾರೆ. ಹುಡುಗಿ ಸುಳ್ಳು ಹೇಳುತ್ತಾಳೆ, ಕದಿಯುತ್ತಾಳೆ, ಎದುರಿಗೆ ಬಂದವರನ್ನು ಚುಚ್ಚುತ್ತಾಳೆ, ಬಾಯಿ ಬಿಟ್ಟರೆ ಬೈಗುಳ. ಇಂಥ ಮಗು ಸಿಟ್ಟು ಬಂದಾಗ 'ಛೆ ಛೆ' ಅನ್ನುವುದಿಲ್ಲ ಅಂತ ಪ್ಯಾಟರ್ಸನ್ ದೂರುಗಾರರಿಗೆ ಉತ್ತರ ಕೊಟ್ಟಿದ್ದರು. ನಡತೆ ಹಾಗಿದ್ದು ಬಾಯಿ ಮಾತ್ರ ಮೆತ್ತಗಿದ್ದರೆ ಅವಳು ನಿಜವಾದ ಹುಡುಗಿ ಅನಿಸುವುದಿಲ್ಲ ಅನ್ನೋದು ಅವರ ಮಾತು.

ಇದು ಎಲ್ಲ ಲೇಖಕರೂ ಹೇಳುವ ಸಮರ್ಥನೆ, ಸರಿಯಾದದ್ದೇ. ಆದರೆ ಆ ಪುಸ್ತಕದಲ್ಲಿ ಇದಕ್ಕಿಂತ ದೊಡ್ಡದೊಂದು ಪಾಠ ಇದೆ, ಅದನ್ನು ಯಾರೂ ಜಾಸ್ತಿ ಹೇಳುವುದಿಲ್ಲ. ಗಿಲ್ಲಿಯ ಟೀಚರ್ ಮಿಸ್ ಹ್ಯಾರಿಸ್ ಕಪ್ಪು ಜನಾಂಗದ ಹೆಂಗಸು. ಅವರ ಬಣ್ಣ ಹಿಡಿದು ಚುಚ್ಚಲು ಗಿಲ್ಲಿ ಒಂದು ಗ್ರೀಟಿಂಗ್ ಕಾರ್ಡ್ ತಯಾರಿಸುತ್ತಾಳೆ. ಅದರಲ್ಲೊಂದು ಪದ್ಯ. ಪ್ರಾಸ ನೇರವಾಗಿ ಆ ಅತಿ ಕೆಟ್ಟ ಜನಾಂಗೀಯ ಬೈಗುಳದ ಕಡೆಗೇ ಓಡುತ್ತದೆ, ಆದರೆ ಕೊನೇ ಗಳಿಗೆಯಲ್ಲಿ ಪದ ತಪ್ಪಿಸಿಕೊಂಡು ಬೇರೆ ಕಡೆ ತಿರುಗುತ್ತದೆ. ಅಂದರೆ ಕಾರ್ಡಿನಲ್ಲಿ ಆ ಪದ ಬರೆದೇ ಇಲ್ಲ. ಎಣಿಸುವವರಿಗೆ ಏನೂ ಸಿಗುವುದಿಲ್ಲ. ಆದರೆ ಇಡೀ ಪುಸ್ತಕದಲ್ಲಿ ಅತ್ಯಂತ ಕ್ರೂರವಾದ ಮಾತು ಅದೇ.

ಟೀಚರ್ ಏನು ಮಾಡುತ್ತಾರೆ? ಅಳುವುದಿಲ್ಲ, ಹೊಡೆಯುವುದಿಲ್ಲ, ಹೆಡ್‌ಮಾಸ್ಟರ್ ಹತ್ತಿರ ಕಳಿಸುವುದಿಲ್ಲ. ಕರೆದು ಕೂರಿಸಿಕೊಂಡು, ನಾವಿಬ್ಬರೂ ಒಂದೇ ಥರ, ಇಬ್ಬರ ಒಳಗೂ ತುಂಬಾ ಸಿಟ್ಟು ಇದೆ ಅನ್ನುತ್ತಾರೆ. ನಾನು ನನ್ನ ಸಿಟ್ಟನ್ನು ಯಾವಾಗಲೂ ಒಳಗೇ ಅದುಮಿಟ್ಟುಕೊಂಡವಳು, ನಿನ್ನ ಕಾರ್ಡ್ ಓದಿದ ಮೇಲೆ ಶಿಕ್ಷಕರ ಕೊಠಡಿಗೆ ಹೋಗಿ ಇಪ್ಪತ್ತು ನಿಮಿಷ ಬಗೆಬಗೆಯಾಗಿ ಬೈದೆ, ಎಷ್ಟೋ ವರ್ಷದಿಂದ ಇಷ್ಟು ಹಗುರ ಅನಿಸಿರಲಿಲ್ಲ, ಅದಕ್ಕೆ ಥ್ಯಾಂಕ್ಸ್ ಅನ್ನುತ್ತಾರೆ.

ನೋಡಿ, ಒಂದೇ ದೃಶ್ಯದಲ್ಲಿ ಎರಡೂ ಬಗೆ ಎದುರುಬದುರಾಗಿವೆ. ಹುಡುಗಿಯ ಕಾರ್ಡಿನಲ್ಲಿ ಕೆಟ್ಟ ಪದ ಇಲ್ಲ, ಆದರೆ ಅದು ಒಬ್ಬರ ಹುಟ್ಟನ್ನೇ ಹಿಡಿದು ಹೊಡೆಯುತ್ತದೆ. ಟೀಚರ್ ಇಪ್ಪತ್ತು ನಿಮಿಷ ಬೈದರು, ಆದರೆ ಯಾರ ಮೇಲೂ ಬೈಯಲಿಲ್ಲ, ಖಾಲಿ ಗಾಳಿಗೆ ಬೈದರು. 11 ವರ್ಷದ ಓದುಗರಿಗೆ ಈ ವ್ಯತ್ಯಾಸ ಅರ್ಥ ಆಗುತ್ತದೆ. ಉಪದೇಶ ಇಲ್ಲದೆ ಅರ್ಥ ಆಗುತ್ತದೆ. ಇದನ್ನು ಕಲಿಸುವ ಪುಸ್ತಕವನ್ನು ಬೈಗುಳ ಇದೆ ಅಂತ ಕಪಾಟಿನಿಂದ ತೆಗೆದರೆ ನಾವು ಕಾಪಾಡಿದ್ದು ಯಾರನ್ನು?

ಇಲ್ಲಿಂದ ಆ ಕಡೆ ನೋಡೋಣ, ಅಂದರೆ ನಾವು ಏನನ್ನು ಗಮನಿಸದೆ ಬಿಟ್ಟುಬಿಡುತ್ತೇವೆ ಅನ್ನುವ ಕಡೆಗೆ. ದಪ್ಪಗಿರುವ ಹುಡುಗನನ್ನು ಕಂಡರೆ ನಗಬೇಕು ಅಂತ ಹೇಳಿಕೊಡುವ ಕಥೆ ಎಷ್ಟಿವೆ! ಕುಂಟ, ಕುರುಡ, ಮೆಳ್ಳಗಣ್ಣ, ಕರಿಯ ಅನ್ನುವ ಮಾತುಗಳು ಖಳನಿಗೆ ಅಂಟಿಕೊಂಡೇ ಬರುವ ಕಥೆಗಳು ಎಷ್ಟಿವೆ! ಜಾತಿಯ ಹೆಸರನ್ನೇ, ಕಸುಬಿನ ಹೆಸರನ್ನೇ ಬೈಗುಳ ಮಾಡಿದ ಸಾಲುಗಳಿವೆ. 'ಹೆಣ್ಣಿನ ಥರ ಅಳಬೇಡ' ಅನ್ನುವುದಂತೂ ಬೈಗುಳ ಅಂತ ಎಷ್ಟೋ ಜನರಿಗೆ ಅನಿಸುವುದೇ ಇಲ್ಲ. ಇವುಗಳಲ್ಲಿ ಒಂದೂ 'ಅಶ್ಲೀಲ' ಅಲ್ಲ, ಹಾಗಾಗಿ ಇವಕ್ಕೆ ಕತ್ತರಿ ಬೀಳುವುದಿಲ್ಲ. ಆದರೆ ಶಾಲೆಯಲ್ಲಿ ಮಗುವನ್ನು ಮೂಲೆಗೆ ತಳ್ಳುವ ಮಾತು ಯಾವುದು ಅಂತ ಮಕ್ಕಳನ್ನೇ ಕೇಳಿ. ಅವರು ಹೇಳುವುದು ಇಂಥ ಮಾತುಗಳನ್ನೇ.

ಕ್ಯಾಪ್ಟನ್ ಹ್ಯಾಡಕ್ ನಿಮಗೆಲ್ಲ ಗೊತ್ತಿರಬೇಕು. 1941ರಲ್ಲಿ ಟಿನ್‌ಟಿನ್ ಕಥೆಗಳಿಗೆ ಬಂದು ಸೇರಿದ ಬಾಯಿಹರುಕ ನಾವಿಕ. ಮಕ್ಕಳ ಪತ್ರಿಕೆಯಲ್ಲಿ ನಾವಿಕನ ನಿಜವಾದ ಬಾಯಿ ಬಿಡಿಸುವ ಹಾಗಿರಲಿಲ್ಲ. ಅದಕ್ಕೆ ಆ ಕಥೆಗಳನ್ನು ಬರೆದು ಚಿತ್ರಿಸಿದ ಎರ್ಜೆ ಒಂದು ಉಪಾಯ ಮಾಡಿದರು. ನಿಘಂಟಿನ ಮೂಲೆಮೂಲೆಯಿಂದ ವಿಚಿತ್ರ ಪದಗಳನ್ನು ಹೆಕ್ಕಿ, ವ್ಯಾಕರಣದ ಪದ, ಪ್ರಾಣಿಶಾಸ್ತ್ರದ ಪದ, ಏನು ಸಿಕ್ಕಿದರೆ ಅದನ್ನು ಅವನ ಬಾಯಲ್ಲಿ ಬೈಗುಳದ ಧಾಟಿಯಲ್ಲಿ ಇಟ್ಟರು. ಸಿಟ್ಟು ಪೂರ್ತಿ ಇದೆ, ಹೊಲಸು ಇಲ್ಲ. ಮಕ್ಕಳು ಬಿದ್ದು ಬಿದ್ದು ನಕ್ಕರು, ಪದಗಳನ್ನು ಹುಡುಕಿಕೊಂಡು ಹೋದರು. ಅದ್ಭುತ ಕೆಲಸ, ನನಗೆ ಅದರ ಬಗ್ಗೆ ತುಂಬಾ ಪ್ರೀತಿ. ಆದರೆ ಆ ಪಟ್ಟಿಯಲ್ಲಿ ಝೂಲು ಅಂತ ಒಂದು ಜನಾಂಗದ ಹೆಸರೂ ಬೈಗುಳವಾಗಿ ಬರುತ್ತದೆ, ಅಂಥವು ಇನ್ನೂ ಇವೆ. ಹೊಲಸು ಮಾತು ತಪ್ಪಿಸಲು ಅಷ್ಟೊಂದು ಜಾಣತನ ಖರ್ಚು ಮಾಡಿದವರಿಗೂ, ಆ ಕಾಲದ ಓದುಗರಿಗೂ, ಒಂದು ಜನಾಂಗದ ಹೆಸರನ್ನು ಬೈಗುಳ ಮಾಡುವುದು ತಪ್ಪು ಅಂತ ಅನಿಸಲಿಲ್ಲ. ನಮ್ಮ ಜರಡಿಯಲ್ಲಿ ತೂತು ಎಲ್ಲಿದೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಈಗ ತಿದ್ದುವವರ ವಿಷಯ. 2023ರ ಫೆಬ್ರವರಿಯಲ್ಲಿ ರೋಲ್ಡ್ ಡಾಲ್ ಪುಸ್ತಕಗಳ ದೊಡ್ಡ ಗಲಾಟೆ ಆಯಿತು. ಪಫಿನ್ ಪ್ರಕಾಶನದ ಹೊಸ ಮುದ್ರಣಗಳಲ್ಲಿ ಸಾಕಷ್ಟು ಪದಗಳನ್ನು ಬದಲಾಯಿಸಿದ್ದರು. ಚಾಕೊಲೇಟ್ ಫ್ಯಾಕ್ಟರಿಯ ಆಗಸ್ಟಸ್ ಗ್ಲೂಪ್ 'ದಪ್ಪ' ಹುಡುಗ ಆಗಿದ್ದವನು 'ಭಾರೀ' ಹುಡುಗ ಆದ. ಮಿಸೆಸ್ ಟ್ವಿಟ್ ಹತ್ತಿರ ಇದ್ದ 'ಕುರೂಪಿ' ಅನ್ನುವ ಪದ ಹೋಯಿತು. ಸಲ್ಮಾನ್ ರಶ್ದಿಯಂಥವರು ಬಹಿರಂಗವಾಗಿ ವಿರೋಧಿಸಿದರು. ಕೆಲವೇ ದಿನಗಳಲ್ಲಿ ಪ್ರಕಾಶಕರು ಹಳೆಯ ಪಠ್ಯವನ್ನೂ ಬೇರೆಯಾಗಿ ಮುದ್ರಿಸುತ್ತೇವೆ ಅಂದರು.

ನಾನು ಇಷ್ಟು ಹೊತ್ತು ಹೇಳಿದ್ದನ್ನು ಕೇಳಿದರೆ ಈ ತಿದ್ದುಪಡಿಯನ್ನು ನಾನು ಒಪ್ಪಬೇಕು ಅಂತ ನಿಮಗೆ ಅನಿಸಬಹುದು. ದಪ್ಪಗಿರುವ ಮಗುವಿಗೆ ಆಗುವ ನೋವು ನಿಜ, ಅದನ್ನು ನಾನು ಸಣ್ಣದು ಮಾಡುವುದಿಲ್ಲ. ಆದರೆ ಈ ತಿದ್ದುಪಡಿ ಏನು ಮಾಡಿತು? ಕಥೆಯಲ್ಲಿ ಆ ಹುಡುಗ ಹೊಟ್ಟೆಬಾಕ, ಚಾಕೊಲೇಟ್ ನದಿಗೆ ಬೀಳುತ್ತಾನೆ, ಕೊಳವೆಯಲ್ಲಿ ಸಿಕ್ಕಿಹಾಕಿಕೊಳ್ಳುತ್ತಾನೆ, ಫ್ಯಾಕ್ಟರಿಯ ಕೆಲಸಗಾರರು ಹಾಡು ಹೇಳಿ ಗೇಲಿ ಮಾಡುತ್ತಾರೆ. ಅದು ಹಾಗೇ ಇದೆ. ಒಂದು ಪದ ಒರೆಸಿದರೆ ಗೇಲಿ ಹೋಗಲಿಲ್ಲ, ಗೇಲಿಗೆ ಇದ್ದ ಹೆಸರು ಹೋಯಿತು ಅಷ್ಟೇ. ಹೆಸರಿದ್ದರೆ ಮಗು ಅದನ್ನು ಹಿಡಿದು ಪ್ರಶ್ನೆ ಮಾಡಬಹುದಿತ್ತು. 'ಇವನು ದಪ್ಪ ಅಂತ ಯಾಕೆ ನಗಬೇಕು?' ಅಂತ ಕೇಳಬಹುದಿತ್ತು. ಸತ್ತ ಲೇಖಕರ ಪುಸ್ತಕವನ್ನು ಹೀಗೆ ಮೇಲುಮೇಲೆ ಒರೆಸುವ ಬದಲು, ದಪ್ಪಗಿರುವ ಮಗುವೇ ನಾಯಕ ಆಗಿರುವ ಹೊಸ ಕಥೆ ಬರೆಯಲಿ, ಪ್ರಕಟಿಸಲಿ.

ಇದಕ್ಕಿಂತ ಚಿಕ್ಕ ಘಟನೆಯೊಂದು 2008ರಲ್ಲಿ ಬ್ರಿಟನ್ನಿನಲ್ಲಿ ನಡೆಯಿತು. ಜಾಕ್ವೆಲಿನ್ ವಿಲ್ಸನ್ ಅವರ 'ಮೈ ಸಿಸ್ಟರ್ ಜೋಡಿ' ಪುಸ್ತಕದಲ್ಲಿದ್ದ ಒಂದು ಬೈಗುಳದ ಮೇಲೆ ದೂರು ಬಂತು. ಒಂದು ದೊಡ್ಡ ಅಂಗಡಿ ಪುಸ್ತಕವನ್ನು ಕಪಾಟಿನಿಂದ ತೆಗೆಯಿತು. ಪ್ರಕಾಶಕರು ಮುಂದಿನ ಮುದ್ರಣದಲ್ಲಿ ಒಂದೇ ಒಂದು ಅಕ್ಷರ ಬದಲಾಯಿಸಿ ಅದನ್ನು 'ಪೆದ್ದ' ಅನ್ನುವಂಥ ಪದ ಮಾಡಿದರು. ಇಂಥದ್ದರ ಬಗ್ಗೆ ನನಗೆ ಅಷ್ಟೇನೂ ತಕರಾರಿಲ್ಲ. ಲೇಖಕಿ ಬದುಕಿದ್ದಾರೆ, ಅವರು ಬೇಡ ಅನ್ನಬಹುದಿತ್ತು, ಮತ್ತು ಆ ಜಾಗದಲ್ಲಿ ಆ ಪದ ಇಲ್ಲದಿದ್ದರೂ ಕಥೆಗೆ ಏನೂ ಕೊರತೆ ಆಗಲಿಲ್ಲ.

ಇನ್ನು ಕೆಲವು ನಿಷೇಧಗಳಂತೂ ಬೈಗುಳದ ಲೆಕ್ಕಕ್ಕೇ ಬರುವುದಿಲ್ಲ. 2007ರಲ್ಲಿ ನ್ಯೂಬೆರಿ ಪದಕ ಪಡೆದ 'ದಿ ಹೈಯರ್ ಪವರ್ ಆಫ್ ಲಕ್ಕಿ' ಪುಸ್ತಕದ ಮೊದಲ ಪುಟದಲ್ಲೇ ವೃಷಣಕೋಶಕ್ಕೆ ವೈದ್ಯರು ಬಳಸುವ ಪದ ಇತ್ತು. ಹಾವು ನಾಯಿಗೆ ಅಲ್ಲಿ ಕಚ್ಚಿತು ಅಂತ ಯಾರೋ ಹೇಳುವುದನ್ನು ಹತ್ತು ವರ್ಷದ ಹುಡುಗಿ ಕದ್ದು ಕೇಳಿಸಿಕೊಳ್ಳುತ್ತಾಳೆ. ಅಷ್ಟಕ್ಕೇ ಕೆಲವು ಶಾಲಾ ಗ್ರಂಥಾಲಯದವರು ಪುಸ್ತಕ ಬೇಡ ಅಂದರು. ದೇಹದ ಭಾಗದ ಹೆಸರು ಬೈಗುಳ ಅಲ್ಲ. ಅದನ್ನು ಮಕ್ಕಳಿಗೆ ಕಲಿಸಬೇಕು, ಯಾಕಂದರೆ ಯಾರಾದರೂ ಅಲ್ಲಿ ಮುಟ್ಟಿದರೆ ಹೇಳಲು ಅವರ ಹತ್ತಿರ ಪದ ಇರಬೇಕು. ಇದರ ಬಗ್ಗೆ ಚರ್ಚೆಗೂ ನಾನು ತಯಾರಿಲ್ಲ.

2022ರ ಜನವರಿಯಲ್ಲಿ ಅಮೆರಿಕದ ಟೆನೆಸಿ ರಾಜ್ಯದ ಒಂದು ಶಾಲಾ ಮಂಡಳಿ 'ಮೌಸ್' ಅನ್ನುವ ಚಿತ್ರಕಥನವನ್ನು ಎಂಟನೇ ತರಗತಿಯ ಪಾಠದಿಂದ ತೆಗೆಯಿತು. ಪುಲಿಟ್ಜರ್ ಗೌರವ ಬಂದ ಪುಸ್ತಕ, ನಾಜಿಗಳ ಕಾಲದಲ್ಲಿ ಯಹೂದಿಗಳನ್ನು ಕೊಂದ ಕಥೆ. ಕೊಟ್ಟ ಕಾರಣಗಳಲ್ಲಿ ಎಂಟು ಬೈಗುಳ ಒಂದು. ಲಕ್ಷಾಂತರ ಜನರನ್ನು ವಿಷಾನಿಲದ ಕೋಣೆಗೆ ತಳ್ಳಿದ್ದನ್ನು ಓದುವ ಮಗುವಿಗೆ ಎಂಟು ಬೈಗುಳದಿಂದ ಪೆಟ್ಟಾಗುತ್ತದೆ ಅಂತ ಕೂತು ತೀರ್ಮಾನ ಮಾಡಿದವರು ಪುಸ್ತಕವನ್ನು ಯಾವ ಕಣ್ಣಿನಿಂದ ಓದಿದರು ಅಂತ ನನಗೆ ಇವತ್ತಿಗೂ ಅರ್ಥ ಆಗಿಲ್ಲ.

ಹಾಗಾದರೆ ಎಲ್ಲ ಬಾಗಿಲೂ ತೆರೆದುಬಿಡಿ ಅನ್ನುತ್ತಿದ್ದೇನಾ? ಇಲ್ಲ. ಲೇಖಕರಿಗೂ ನಾನು ಸ್ವಲ್ಪ ಗಟ್ಟಿಯಾಗೇ ಹೇಳುವುದಿದೆ.

ಸಾರಾ ಕಾಯ್ನ್ ಮತ್ತು ಜೊತೆಗಾರರು 2012ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಹದಿಹರೆಯದವರಿಗಾಗಿ ಬರೆದ, ಚೆನ್ನಾಗಿ ಮಾರಾಟವಾದ 40 ಕಾದಂಬರಿಗಳನ್ನು ತೆಗೆದುಕೊಂಡು ಬೈಗುಳ ಎಣಿಸಿದರು. ಶೇಕಡಾ 88 ಪುಸ್ತಕಗಳಲ್ಲಿ ಒಂದಾದರೂ ಇತ್ತು. ನನಗೆ ಮುಖ್ಯ ಅನಿಸಿದ್ದು ಆ ಸಂಖ್ಯೆ ಅಲ್ಲ. ಆ ಕಾದಂಬರಿಗಳಲ್ಲಿ ಬೈಯುವ ಪಾತ್ರಗಳು ಉಳಿದವರಿಗಿಂತ ಚೆಂದ, ಶ್ರೀಮಂತರು, ಎಲ್ಲರಿಗೂ ಬೇಕಾದವರು ಅನ್ನುವ ಹಾಗೆ ಚಿತ್ರಿತವಾಗಿದ್ದರು. ಅಂದರೆ ಅಲ್ಲಿ ಬೈಗುಳ ನೋವಿನಿಂದ ಬಂದದ್ದಲ್ಲ. ಅದು ಠೀವಿ. ದುಬಾರಿ ಶೂ ಹಾಕಿಕೊಂಡ ಹಾಗೆ ಪಾತ್ರಕ್ಕೆ ತೊಡಿಸಿದ ಅಲಂಕಾರ.

ಇದನ್ನು ನಾನು ಒಪ್ಪುವುದಿಲ್ಲ. ಅಶ್ಲೀಲ ಅನ್ನುವ ಕಾರಣಕ್ಕಲ್ಲ, ಸುಳ್ಳು ಅನ್ನುವ ಕಾರಣಕ್ಕೆ. ಬೈಗುಳಕ್ಕೆ ಬೆಲೆ ತೆರಬೇಕಾಗುತ್ತದೆ. ಬೈದವನೂ ತೆರುತ್ತಾನೆ, ಬೈಸಿಕೊಂಡವನೂ ತೆರುತ್ತಾನೆ. ಆ ಬೆಲೆಯನ್ನು ತೋರಿಸದೆ ಪುಟಕ್ಕೆ ಹತ್ತು ಸಲ ಅದನ್ನು ಚೆಲ್ಲಿದರೆ ಬರೆಯುವವರು ಸೋಮಾರಿ ಅಂತಲೇ ಅರ್ಥ. ಪಾತ್ರಕ್ಕೆ ಸಿಟ್ಟು ಬಂದಿದೆ ಅಂತ ತೋರಿಸಲು ನೂರು ದಾರಿ ಇವೆ. ಹುಡುಗ ಬಾಗಿಲು ದಡಾರನೆ ಹಾಕಬಹುದು, ಮಾತು ಬಿಡಬಹುದು, ಅತಿಯಾದ ಮರ್ಯಾದೆಯಿಂದ ಮಾತಾಡಲು ಶುರು ಮಾಡಬಹುದು. ಹ್ಯಾರಿ ಪಾಟರ್ ಕಥೆಗಳಲ್ಲಿ ಹ್ಯಾರಿಯ ಗೆಳೆಯ ರಾನ್ ಎಷ್ಟೋ ಸಲ ಬೈಯುತ್ತಾನೆ, ಆದರೆ ಅವನು ಬೈದ ಅಂತ ನಿರೂಪಣೆ ಹೇಳಿ ಮುಂದೆ ಹೋಗುತ್ತದೆ, ಏನು ಬೈದ ಅಂತ ಓದುಗರೇ ತುಂಬಿಕೊಳ್ಳಬೇಕು. ಏಳು ಪುಸ್ತಕಗಳ ಕೊನೆಯಲ್ಲಿ, 2007ರ ಕೊನೆಯ ಸಂಪುಟದ ಯುದ್ಧದಲ್ಲಿ, ಮಗಳ ಮೇಲೆ ಬಂದ ಕೊಲೆಗಾತಿಗೆ ರಾನ್‌ನ ತಾಯಿ ಮಿಸೆಸ್ ವೀಸ್ಲಿ ಒಂದು ನೇರ ಬೈಗುಳ ಬೈಯುತ್ತಾಳೆ. ಅದು ಸಿಡಿಲಿನ ಹಾಗೆ ಬೀಳುತ್ತದೆ. ಯಾಕೆ? ಅಷ್ಟು ಸಾವಿರ ಪುಟ ಲೇಖಕಿ ಅದನ್ನು ಕೂಡಿಟ್ಟುಕೊಂಡಿದ್ದರು, ಅದಕ್ಕೆ. ಮಗಳನ್ನು ಕಳೆದುಕೊಳ್ಳುವ ಭಯ ಅಲ್ಲಿ ಮಾತಾಡಿತು.

ಬರೆಯುವವರಿಗೆ ನಾನು ಕೊಡುವ ಪರೀಕ್ಷೆ ಒಂದೇ. ಆ ಪದವನ್ನು ತೆಗೆದು ನೋಡಿ. ದೃಶ್ಯ ನಿಲ್ಲುತ್ತದಾ? ನಿಂತರೆ ತೆಗೆದೇ ಬಿಡಿ. ಜೆಸ್‌ನ ಅಪ್ಪನ ಹಾಗೆ ದೃಶ್ಯವೇ ಕುಸಿದು ಬಿದ್ದರೆ, ಪ್ರಕಾಶಕರು ಏನೇ ಹೇಳಲಿ, ಇಟ್ಟುಕೊಳ್ಳಿ, ಅದಕ್ಕಾಗಿ ಜಗಳ ಆಡಿ.

ವಯಸ್ಸಿನ ಮಾತು ಬಂದೇ ಬರುತ್ತದೆ. ಚಿತ್ರಪುಸ್ತಕ ಓದುವ, ಅಂದರೆ ಓದಿಸಿಕೊಳ್ಳುವ, ನಾಲ್ಕೈದು ವರ್ಷದ ಮಕ್ಕಳಿಗೆ ಒರಟು ಬೈಗುಳ ಬೇಡ ಅಂತ ನಾನೂ ಹೇಳುತ್ತೇನೆ. ಕಾರಣ ನೈತಿಕವಾದದ್ದಲ್ಲ. ಆ ವಯಸ್ಸಿನಲ್ಲಿ ಪಾತ್ರ ಬೇರೆ, ಓದುತ್ತಿರುವ ಅಮ್ಮ ಬೇರೆ ಅನ್ನುವ ಗೆರೆ ತೆಳು. ಕಥೆಯ ರಾಕ್ಷಸ ಬೈದರೂ ಮಗುವಿಗೆ ಕೇಳಿಸುವುದು ಅಮ್ಮನ ದನಿಯಲ್ಲೇ. ಎಂಟು ಒಂಬತ್ತಕ್ಕೆ ಬಂದಾಗ ಮಗು ಒಬ್ಬನೇ ಕೂತು ಓದುತ್ತದೆ, ಯಾರು ಮಾತಾಡುತ್ತಿದ್ದಾರೆ ಅನ್ನೋದು ಅದಕ್ಕೆ ಚೆನ್ನಾಗಿ ಗೊತ್ತಿರುತ್ತದೆ. ಆದರೆ ವಯಸ್ಸನ್ನು ಪುಸ್ತಕದ ಹಿಂಬದಿಗೆ ಅಚ್ಚು ಹಾಕುವುದು ಬೇರೆ ವಿಷಯ. 2008ರಲ್ಲಿ ಬ್ರಿಟನ್ನಿನ ಪ್ರಕಾಶಕರು ಹಾಗೆ ಮಾಡಲು ಹೊರಟಾಗ ಫಿಲಿಪ್ ಪುಲ್‌ಮನ್ ಮುಂತಾದ ಲೇಖಕರೇ ಎದುರು ನಿಂತರು. ನಿಧಾನಕ್ಕೆ ಓದುವ 12 ವರ್ಷದ ಹುಡುಗ '7+' ಅಂತ ಬರೆದ ಪುಸ್ತಕ ಹಿಡಿದುಕೊಂಡು ಗೆಳೆಯರ ಎದುರು ಹೇಗೆ ಕೂರಬೇಕು?

ನನಗೆ ತುಂಬಾ ಕಷ್ಟ ಕೊಟ್ಟ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ಮಾರ್ಕ್ ಟ್ವೇನ್ ಅವರ ಕಾದಂಬರಿ 'ಹಕಲ್‌ಬೆರಿ ಫಿನ್'. ಅಮೆರಿಕದಲ್ಲಿ 1885ರಲ್ಲಿ ಪ್ರಕಟವಾಯಿತು, ಅದೇ ವರ್ಷ ಮ್ಯಾಸಚೂಸೆಟ್ಸ್‌ನ ಕಾನ್‌ಕರ್ಡ್ ಊರಿನ ಗ್ರಂಥಾಲಯ ಅದನ್ನು ಒರಟು ಪುಸ್ತಕ ಅಂತ ಹೊರಗಿಟ್ಟಿತು. ಅವರಿಗೆ ಆಗ ಒರಟು ಅನಿಸಿದ್ದು ಹುಡುಗನ ಹಳ್ಳಿ ಮಾತು, ಅವನ ನಡತೆ. ಕಪ್ಪು ಜನರನ್ನು ಹೀಯಾಳಿಸುವ ಆ ಪದ ಪುಸ್ತಕದಲ್ಲಿ ಇನ್ನೂರಕ್ಕೂ ಹೆಚ್ಚು ಸಲ ಇದೆ, ಅದು ಅವರ ಕಿವಿಗೆ ಚುಚ್ಚಲಿಲ್ಲ. ಇಂದು ಚುಚ್ಚುವುದು ಅದೇ. 2011ರಲ್ಲಿ ಅಲನ್ ಗ್ರಿಬನ್ ಅನ್ನುವ ಪ್ರಾಧ್ಯಾಪಕರು ಆ ಪದವನ್ನೆಲ್ಲ 'ಗುಲಾಮ' ಅಂತ ಬದಲಿಸಿ ಒಂದು ಆವೃತ್ತಿ ತಂದರು. ಈ ಪದ ಇರುವುದರಿಂದಲೇ ಶಾಲೆಗಳು ಪುಸ್ತಕವನ್ನು ಬಿಟ್ಟುಬಿಡುತ್ತಿವೆ, ಹಾಗಾಗದಿರಲಿ ಅನ್ನೋದು ಅವರ ಕಾಳಜಿ.

ಆ ಪುಸ್ತಕ ಗುಲಾಮಗಿರಿಯ ಪರ ಇಲ್ಲ. ಜಿಮ್ ಅನ್ನುವ ಗುಲಾಮನನ್ನು ಒಂದು ಸಮಾಜ ಆ ಪದದಿಂದ ಕರೆಯುತ್ತದೆ, ಅವನೇ ಅವರೆಲ್ಲರಿಗಿಂತ ದೊಡ್ಡ ಮನುಷ್ಯ ಅಂತ ಹುಡುಗನಿಗೆ ಗೊತ್ತಾಗುತ್ತದೆ. ಪದ ಒರೆಸಿದರೆ ಆ ಸಮಾಜದ ಹೊಲಸೂ ಒರೆಸಿಹೋಗುತ್ತದೆ. ಆದ್ದರಿಂದ ಪಠ್ಯ ತಿದ್ದುವುದು ನನಗೆ ಒಪ್ಪಿಗೆ ಇಲ್ಲ. ಆದರೆ ಒಂದು ತರಗತಿಯಲ್ಲಿ ಮೂವತ್ತು ಮಕ್ಕಳ ನಡುವೆ ಒಬ್ಬಳೇ ಕಪ್ಪು ಹುಡುಗಿ ಕೂತಿದ್ದಾಳೆ, ಉಳಿದವರು ಸರದಿಯಲ್ಲಿ ಎದ್ದು ನಿಂತು ಆ ಪದವನ್ನು ಗಟ್ಟಿಯಾಗಿ ಓದುತ್ತಿದ್ದಾರೆ ಅಂತ ಇಟ್ಟುಕೊಳ್ಳಿ. ಪುಸ್ತಕ ಎಷ್ಟೇ ದೊಡ್ಡದಿರಲಿ, ಆ ಗಳಿಗೆಯಲ್ಲಿ ಪದ ಜಿಮ್ ಮೇಲೆ ಬೀಳುತ್ತಿಲ್ಲ, ಅವಳ ಮೇಲೆ ಬೀಳುತ್ತಿದೆ. ಜಾತಿ ಹಿಡಿದು ಬೈದ ಸಾಲಿರುವ ಯಾವುದೇ ಪುಸ್ತಕಕ್ಕೂ ಇದೇ ಮಾತು. ಪುಸ್ತಕ ಕಪಾಟಿನಲ್ಲಿರಲಿ, ಪಠ್ಯ ಇದ್ದ ಹಾಗೇ ಇರಲಿ, ಆದರೆ ಅದನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿಸಬೇಡಿ. ಮೊದಲು ಮಾತಾಡಿ, ಆಮೇಲೆ ಮಕ್ಕಳು ಮನಸ್ಸಿನಲ್ಲೇ ಓದಲಿ. ಆ ಪದ ಯಾರನ್ನು ಗುರಿ ಮಾಡುತ್ತದೋ ಆ ಮಗುವಿನ ಕಡೆ ತಿರುಗಿ 'ನಿನಗೆ ಹೇಗನ್ನಿಸಿತು, ಎಲ್ಲರಿಗೂ ಹೇಳು' ಅಂತ ಮಾತ್ರ ಕೇಳಬೇಡಿ. ಒಳ್ಳೆಯ ಉದ್ದೇಶದಿಂದಲೇ ಹೀಗೆ ಕೇಳುವ ಶಿಕ್ಷಕರಿದ್ದಾರೆ. ಅದು ಇನ್ನೊಂದು ಹೊಡೆತ.

ಮನೆಯಲ್ಲಿರುವವರಿಗೆ ಒಂದು ಮಾತು. ಮಗು ಪುಸ್ತಕ ಹಿಡಿದು ಬಂದು 'ಇದರ ಅರ್ಥ ಏನು?' ಅಂತ ಕೇಳಿದರೆ ಗದರಬೇಡಿ. ಅರ್ಥ ಹೇಳಿ. ಇದು ಎಷ್ಟು ಖಾರದ ಮಾತು, ಯಾರಿಗೆ ಹೇಳಿದರೆ ಎಷ್ಟು ನೋವಾಗುತ್ತದೆ ಅಂತ ಹೇಳಿ. ಆಮೇಲೆ 'ಈ ಹುಡುಗ ಯಾಕೆ ಹೀಗೆ ಬೈದ, ನಿನಗೇನು ಅನ್ನಿಸುತ್ತದೆ?' ಅಂತ ಕೇಳಿ. ಗದರಿದರೆ ಮಗು ಪದ ಬಿಡುವುದಿಲ್ಲ, ನಿಮ್ಮನ್ನು ಕೇಳುವುದನ್ನು ಬಿಡುತ್ತದೆ. ಮುಂದೆ ಅದಕ್ಕಿಂತ ದೊಡ್ಡ ಪ್ರಶ್ನೆ ಬಂದಾಗಲೂ ಕೇಳುವುದಿಲ್ಲ.

ಶಾಲೆಗೆ ದೂರು ಕೊಡಬೇಕು ಅನ್ನಿಸಿದರೆ ಕೊಡಿ, ಅದು ನಿಮ್ಮ ಹಕ್ಕು. ಆದರೆ ಪೂರ್ತಿ ಪುಸ್ತಕ ಓದಿ ಕೊಡಿ. ಯಾರೋ ಗೆರೆ ಎಳೆದು ಕಳಿಸಿದ ಒಂದು ಪುಟದ ಫೋಟೋ ನೋಡಿ ಕೊಡಬೇಡಿ. ಮತ್ತು ದೂರಿನಲ್ಲಿ ಪದವನ್ನಷ್ಟೇ ಬರೆಯಬೇಡಿ. ಯಾರು ಆಡಿದರು, ಯಾರಿಗೆ ಆಡಿದರು, ಮುಂದಿನ ಹತ್ತು ಪುಟದಲ್ಲಿ ಏನಾಯಿತು ಅಂತಲೂ ಬರೆಯಿರಿ. ಇಷ್ಟು ಬರೆಯುವಷ್ಟರಲ್ಲಿ ಕೆಲವರ ದೂರು ಕರಗಿಹೋಗಬಹುದು, ಕೆಲವರದು ಇನ್ನೂ ಗಟ್ಟಿಯಾಗಬಹುದು. ಗಟ್ಟಿಯಾದ ದೂರನ್ನು ಶಾಲೆಯವರು ಕೂತು ಕೇಳಲೇಬೇಕು.

ನನ್ನ ಮಾತು ಇಷ್ಟೇ. ಹಕಲ್‌ಬೆರಿ ಫಿನ್ ವಿಷಯದಲ್ಲಿ ನಿಮ್ಮಲ್ಲಿ ಕೆಲವರು ನನ್ನನ್ನು ಒಪ್ಪುವುದಿಲ್ಲ ಅಂತ ಮುಖ ನೋಡಿದರೇ ಗೊತ್ತಾಗುತ್ತಿದೆ. ಅಲ್ಲಿಂದಲೇ ಶುರು ಮಾಡೋಣ, ತರಗತಿಯಲ್ಲಿ ಪಾಠ ಮಾಡುವವರು ಮೊದಲು ಮಾತಾಡಲಿ.